ಮುಂದಿನ ಸಾಲಿನ ಎಡತುದಿ

ದೆಹಲಿಯ ಕರೋಲ್ ಬಾಗಿನಲ್ಲಿ ಅಪ್ಪಯ್ಯನ ಹೋಟೆಲಿನ ನೆತ್ತಿಯ ಮೇಲೆ ನಮ್ಮ ಮನೆ. ಕೆಳಗೆ ದೋಸೆಯ ಕಾವಲಿ, ಮೇಲೆ ನಾವು. ಎರಡೇ ಕೋಣೆ. ಹಿಂದಿನದರಲ್ಲಿ ಅಡುಗೆ, ದೇವರು ಮತ್ತು ಸುತ್ತಿಟ್ಟ ಹಾಸಿಗೆಗಳು. ಮುಂದಿನದರಲ್ಲಿ ಅಪ್ಪಯ್ಯನ ದೊಡ್ಡ ಮಂಚ, ಕಬ್ಬಿಣದ ಬೀರು, ಕಸೂತಿ ಬಟ್ಟೆ ಹೊದ್ದುಕೊಂಡ ರೇಡಿಯೊ, ಊರಿನಿಂದ ಬಂದವರು ಕೂರಲೆಂದು ಎರಡು ಬೆತ್ತದ ಕುರ್ಚಿ. ಬೀರು ಬಾಲ್ಕನಿಯ ಬಾಗಿಲಿಗೆ ಅರ್ಧ ಅಡ್ಡವಾಗಿ ನಿಂತಿತ್ತು. ಮನೆಗೆ ಬಂದ ಮೊದಲ ದಿನ ನಾಲ್ಕು ಜನ ಹೊತ್ತು ತಂದು ಸುಸ್ತಾಗಿ ಎಲ್ಲಿ ಇಳಿಸಿದರೋ ಅಲ್ಲೇ ಅದು ಉಳಿದುಬಿಟ್ಟಿತ್ತು. ಹಾಗಾಗಿ ಬಿಸಿಲು ನಮ್ಮ ಮನೆಯೊಳಗೆ ಒಂದು ಗೇಣು ಅಗಲದ ಪಟ್ಟಿಯಾಗಿ ಮಾತ್ರ ಬರುತ್ತಿತ್ತು. ಚಳಿಗಾಲದಲ್ಲಿ ನಾನೂ ತಮ್ಮ ರಘುವೂ ಆ ಪಟ್ಟಿಯಲ್ಲಿ ಯಾರು ಕಾಲು ಚಾಚಬೇಕೆಂದು ಜಗಳವಾಡುತ್ತಿದ್ದೆವು. ಬೀರನ್ನು ಸರಿಸಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅದೇ ರೀತಿ, ನಾನು ದಡ್ಡಿ ಎಂಬುದನ್ನೂ ಮನೆಯವರು ಒಪ್ಪಿಕೊಂಡಿದ್ದರು. ಯಾರೂ ಅದನ್ನು ಕ್ರೂರವಾಗಿ ಹೇಳುತ್ತಿರಲಿಲ್ಲ. ರಘುವಿಗೆ ಗುಂಗುರು ಕೂದಲು, ಸುಮಾಗೆ ತಲೆಗೆ ಹತ್ತುವುದಿಲ್ಲ ಎನ್ನುವ ಹಾಗೆ ಅದೊಂದು ಸಂಗತಿ, ಅಷ್ಟೆ. ಮೂರನೆಯ ಕ್ಲಾಸಿನಲ್ಲಿ ಒಮ್ಮೆ ಫೇಲಾಗಿ ಎರಡನೆಯ ಸಲ ಅಲ್ಲೇ ಕೂತಿದ್ದೆ. ಹುಡುಗಿಯರ ಹಿಂದಿ ಶಾಲೆ. ಟೀಚರನ್ನು ಬೆಹೆನ್‌ಜಿ ಎನ್ನಬೇಕು. ನಮ್ಮ ಕಮಲಾ ಬೆಹೆನ್‌ಜಿ ಅಪ್ಪಯ್ಯನನ್ನು ಕರೆಸಿದಾಗಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: “ಸುಮನ್ ಸುನ್‌ತೀ ಹೀ ನಹೀಂ.” ಸುಮನ್, ಎಂದರೆ ನಾನು, ಕೇಳುವುದೇ ಇಲ್ಲ. ಅಪ್ಪಯ್ಯ ಬಿಳಿ ಅಂಗಿಯ ತೋಳು ಮಡಚಿಕೊಂಡು, ಗಿರಾಕಿಯ ಮುಂದೆ ನಿಲ್ಲುವ ಹಾಗೆ ತಲೆತಗ್ಗಿಸಿ ಕೇಳಿಸಿಕೊಂಡು ಬರುತ್ತಿದ್ದರು. ಆ ಸಲದ ದಸರೆಯ ಹೊತ್ತಿಗೆ ಅವರ ತಾಳ್ಮೆ ಮುಗಿದಿತ್ತು. ಊಟಕ್ಕೆ ಕೂತಾಗ, ಅನ್ನ ಕಲಸುತ್ತಾ, ನನ್ನ ಮುಖ ನೋಡದೆ ಹೇಳಿದರು.

“ಈ ಸಲವೂ ಫೇಲಾದರೆ ಇವಳನ್ನ ಊರಿಗೆ ಕಳಿಸೋದೇ. ಅಲ್ಲಿ ಕನ್ನಡ ಶಾಲೆಗೆ ಹೋಗ್ಲಿ. ಅಜ್ಜನಿಗೆ ಕಾಗದ ಬರೆದಿದ್ದೇನೆ.”

ಅಮ್ಮ ಹುಳಿ ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಿಂತಳು.

“ನನ್ನನ್ನ ಒಂದು ಮಾತು ಕೇಳದೇ ಬರೆದ್ರಾ?”

“ಕೇಳಿದ್ರೆ ನೀನು ಅಳ್ತಿದ್ದೆ.”

ಅಮ್ಮ ಅಳಲಿಲ್ಲ. ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು. ಆವತ್ತು ಯಾರಿಗೂ ಎರಡನೆಯ ಸಲ ಹುಳಿ ಬೀಳಲಿಲ್ಲ. ನನಗೆ ಮಾತ್ರ ಅಪ್ಪಯ್ಯ ಹೇಳಿದ್ದು ಅರ್ಧಂಬರ್ಧ ಕೇಳಿಸಿತ್ತು. ಊಟವಾದ ಮೇಲೆ ರಘುವನ್ನು ಕೇಳಿದೆ. ಅವನು ಆರು ವರ್ಷದವನ ಖುಷಿಯಲ್ಲಿ, “ನೀನು ಟ್ರೈನಲ್ಲಿ ಹೋಗ್ತೀ, ವಾಪಸ್ ಬರಲ್ಲ” ಎಂದ.

ಗಿರಿಜತ್ತೆ ಬಂದದ್ದು ಆ ದೀಪಾವಳಿಗೆ. ಅವಳು ಅಪ್ಪಯ್ಯನ ಅಕ್ಕ. ಕುಂದಾಪುರದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅರ್ಧ ಆಯುಷ್ಯ ಟೀಚರಾಗಿದ್ದವಳು. ಎರಡೂ ಕಣ್ಣಿಗೆ ಪೊರೆ ಬಂದು, ಹುಡುಗರ ಸ್ಲೇಟು ಕಾಣದಂತಾಗಿ ಕೆಲಸ ಬಿಟ್ಟಿದ್ದಳು. ದೆಹಲಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿಸೋಣವೆಂದು ಅಪ್ಪಯ್ಯ ಕರೆಸಿಕೊಂಡರೆ, ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಪೊರೆ ಇನ್ನೂ ಹಣ್ಣಾಗಿಲ್ಲ, ಬೇಸಗೆಯವರೆಗೆ ಕಾಯಬೇಕು ಎಂದರಂತೆ. ಹೀಗೆ ಎಂಟು ದಿನಕ್ಕೆಂದು ಬಂದ ಅತ್ತೆ ಎಂಟು ತಿಂಗಳು ಉಳಿದಳು. ನಮ್ಮನ್ನೆಲ್ಲ ಅವಳು ಮುಖದಿಂದಲ್ಲ, ದನಿಯಿಂದ, ಹೆಜ್ಜೆಯಿಂದ ಗುರುತಿಸುತ್ತಿದ್ದಳು. ಬಂದ ಮರುದಿನವೇ ಕೋಣೆಯ ನಡುವೆ ನಿಂತು ಮುಖವನ್ನು ಅತ್ತಿತ್ತ ತಿರುಗಿಸಿ ಕೇಳಿದಳು:

“ಲಲಿತಾ, ಬೆಳಕು ಎಲ್ಲಿಂದ ಬರ್ತದೆ ಇಲ್ಲಿ?”

“ಬಾಲ್ಕನಿಯಿಂದ, ಅತ್ತಿಗೆ. ಬೀರು ಅಡ್ಡ ಇದೆ,” ಎಂದಳು ಅಮ್ಮ.

“ಅದಕ್ಕೆ ಕಾಲಿಲ್ವಾ?”

ನನ್ನನ್ನು ಊರಿಗೆ ಕಳಿಸುವ ವಿಷಯವನ್ನು ಅಮ್ಮ ಅವಳ ಕಿವಿಗೆ ಹಾಕಿದ್ದು ಅದೇ ದಿನ ಇರಬೇಕು. ಮಧ್ಯಾಹ್ನ ಮೂರಕ್ಕೆ ಹೋಟೆಲು ಮುಚ್ಚಿ ಅಪ್ಪಯ್ಯ ಮಲಗಲು ಮೇಲೆ ಬಂದರೆ ಮಂಚ ಹಿಂದಿನ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಕೆಳಗಿನಿಂದ ಬಂದ ಇಬ್ಬರು ಅಡುಗೆಯವರು ಬೀರನ್ನು ತಳ್ಳುತ್ತಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು, ವರ್ಷಗಟ್ಟಲೆ ಬೀರಿನಡಿ ಇದ್ದ ಕಸ ಗುಡಿಸುತ್ತಿದ್ದಳು. ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಿದ್ದಳು.

“ಅಕ್ಕ, ಏನಿದು? ನಾನೆಲ್ಲಿ ಮಲಗ್ಲಿ?”

“ಮೂರರಿಂದ ಐದು ಇದು ಶಾಲೆ. ನೀನು ಒಳಗೆ ಮಲಗು. ಗೊರಕೆ ಹೊಡೀಬೇಡ.”

ಅಪ್ಪಯ್ಯ ಹೋಟೆಲಿನಲ್ಲಿ ಹತ್ತು ಜನರನ್ನು ನಡುಗಿಸುವವರು. ಈ ಅಕ್ಕ ಚಿಕ್ಕಂದಿನಲ್ಲಿ ಅವರ ಕಿವಿ ಹಿಂಡಿ ಅಕ್ಷರ ಕಲಿಸಿದವಳು. ಅವರು ದಿಂಬು ತೆಗೆದುಕೊಂಡು ಒಳಗೆ ಹೋದರು.

ಅತ್ತೆ ಆ ಕೋಣೆಯನ್ನು ಹೊಂದಿಸಿದ ರೀತಿಯನ್ನು ಹೇಳಲೇಬೇಕು. ಮುಂದೆ ಮೂವತ್ತು ವರ್ಷ ನಾನು ಟೀಚರಾಗಿ ದುಡಿದಾಗ ನನ್ನ ಕೈಲಿದ್ದ ವಿದ್ಯೆಯೆಲ್ಲ ಆ ಒಂದು ವಾರದಲ್ಲಿ ನೋಡಿದ್ದು. ಬಾಲ್ಕನಿ ಮಕ್ಕಳ ಎಡಗಡೆಗೆ ಬರಬೇಕು, ಆಗ ಬರೆಯುವ ಕೈಯ ನೆರಳು ಸ್ಲೇಟಿನ ಮೇಲೆ ಬೀಳುವುದಿಲ್ಲ ಎಂದಳು. ಮಕ್ಕಳನ್ನು ಸಾಲಾಗಿ ಕೂರಿಸದೆ ಅರ್ಧಚಂದ್ರದ ಹಾಗೆ ಕೂರಿಸಿದಳು. ಹಲಗೆಗೆ ಏನು ಮಾಡುವುದು ಎಂದಾಗ ಹೋಟೆಲಿನ ಬಾಗಿಲಲ್ಲಿ ‘ಇಂದಿನ ವಿಶೇಷ’ ಬರೆಯುವ ಕರಿಹಲಗೆ ಮೇಲೆ ಬಂತು. ಅದನ್ನು ಬೀರಿಗೆ ಒರಗಿಸಿ, ತಾನು ಒಂದೊಂದು ಮಗುವಿನ ಜಾಗದಲ್ಲೂ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು, ಅಕ್ಷರ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ಹೊಳಪು ಹೊಡೆದರೆ ಎದ್ದು ಹಲಗೆಯನ್ನು ನಾಲ್ಕು ಬೆರಳು ತಿರುಗಿಸುವಳು, ಮತ್ತೆ ಕೂರುವಳು. ಮಂಡಿ ನೋವಿನವಳು, ಆರು ಜಾಗಕ್ಕೆ ಹನ್ನೆರಡು ಸಲ ಎದ್ದು ಕೂತಳು. ಅಮ್ಮ ತಡೆಯಲಾರದೆ, “ನಾನು ಕೂತು ನೋಡಿ ಹೇಳ್ತೇನೆ ಅತ್ತಿಗೆ, ನೀವು ಸುಮ್ಮನಿರಿ” ಎಂದಳು.

“ನಿನ್ನ ಕಣ್ಣು ಸರಿ ಇದೆ, ನಿನಗೆ ಎಲ್ಲಿಂದಲೂ ಕಾಣ್ತದೆ. ನನಗೆ ಕಂಡರೆ ಎಲ್ಲರಿಗೂ ಕಂಡ ಹಾಗೆ.”

ಆರು ಮಕ್ಕಳು ನಾವು. ನಾನು, ರಘು, ಹಿಂದಿನ ಗಲ್ಲಿಯ ಭಟ್ಟರ ಮನೆಯ ಮೂವರು, ಮತ್ತು ಎದುರುಮನೆಯ ಪಂಜಾಬಿ ಹುಡುಗಿ ಪಮ್ಮಿ. ಪಮ್ಮಿ ಮೊದಲ ದಿನ ಬಂದದ್ದು ಅಮ್ಮ ಕೊಡುವ ಬೋಂಡಾಕ್ಕಾಗಿ. ಅತ್ತೆಗೆ ಹಿಂದಿಯ ಗಂಧವಿರಲಿಲ್ಲ. ನಮ್ಮ ಹಿಂದಿ ಪಾಠವನ್ನು ನಾವೇ ಓದಿ, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಅವಳಿಗೆ ಹೇಳಬೇಕು. ಹೇಳಲು ಹೊರಟಾಗಲೇ ನಮಗೆ ಅರ್ಥವಾಗಿಲ್ಲವೆಂದು ನಮಗೆ ಗೊತ್ತಾಗುತ್ತಿತ್ತು. “ಆ ರಾಜ ಯಾಕೆ ಕೋಪ ಮಾಡ್ಕೊಂಡ? ನೀನು ಹೇಳಲೇ ಇಲ್ವಲ್ಲ” ಎನ್ನುವಳು ಅತ್ತೆ, ಮತ್ತೆ ಪುಸ್ತಕಕ್ಕೆ ಬೀಳಬೇಕು. ಭಟ್ಟರ ಮನೆಯ ಮಕ್ಕಳು ಕನ್ನಡ ಅರ್ಥವಾದರೂ ಬಾಯಿ ತೆರೆದರೆ ಹಿಂದಿಯನ್ನೇ ಆಡುವವರು. ತಿಂಗಳೊಳಗೆ ಅವರ ನಾಲಿಗೆ ಹೊರಳಿತು. ಪಮ್ಮಿಯಂತೂ “ಅತ್ತೆ, ಬೋಂಡಾ ಬಿಸಿ ಉಂಟಾ?” ಎಂದು ಕೇಳಿ ಕೆಳಗಿನ ಅಡುಗೆಯವರನ್ನೆಲ್ಲ ನಗಿಸಿದಳು.

ಮೂರೂವರೆಗೆ ಕೆಳಗೆ ದೋಸೆ ಹಿಟ್ಟಿನ ಗ್ರೈಂಡರು ಶುರುವಾದರೆ ನಮ್ಮ ನೆಲ ಗಡಗಡ ಅನ್ನುತ್ತಿತ್ತು. ಅತ್ತೆ ಎರಡು ದಿನ ಸಹಿಸಿದಳು. ಮೂರನೆಯ ದಿನ ಮೆಟ್ಟಿಲ ಮೇಲೆ ನಿಂತು ಅಪ್ಪಯ್ಯನನ್ನು ಕೂಗಿದಳು.

“ಮಾಧವ, ಆ ರಾಕ್ಷಸನನ್ನ ನಿಲ್ಲಿಸು!”

“ಅಕ್ಕ, ಈಗ ರುಬ್ಬದೇ ಇದ್ರೆ ನಾಳೆ ಬೆಳಿಗ್ಗೆ ಗಿರಾಕಿಗಳಿಗೆ ಕಾವಲಿ ಮೇಲೆ ಏನು ಹೊಯ್ಲಿ? ನಿನ್ನ ಮಗ್ಗಿ ಹೊಯ್ಲಾ?”

“ಊರಲ್ಲಿ ಅಮ್ಮ ಸಂಜೆ ದೀಪ ಹಚ್ಚಿದ ಮೇಲೆ ತಾನೇ ರುಬ್ತಿದ್ದದ್ದು? ಆ ದೋಸೆ ತಿಂದೇ ನೀನು ಇಷ್ಟು ದೊಡ್ಡವನಾದದ್ದು. ಐದರ ಮೇಲೆ ರುಬ್ಬಿಸು.”

ಗ್ರೈಂಡರು ಐದರ ಮೇಲಕ್ಕೆ ಹೋಯಿತು. ಒಂದು ಸಂಜೆ ಅವಸರದಲ್ಲಿ ಹಲಗೆ ಒರೆಸದೆ ಕೆಳಗೆ ಕಳಿಸಿ, ರವೆ ದೋಸೆಯ ಮೇಲುಗಡೆ ‘ಏಳೆಂಟಲೆ ಐವತ್ತಾರು’ ಎಂದು ಉಳಿದುಬಿಟ್ಟಿತ್ತು. ಕನ್ನಡ ಬಾರದ ಗಿರಾಕಿಯೊಬ್ಬರು ಅದೇ ಇವತ್ತಿನ ಸ್ಪೆಷಲ್ ಎಂದುಕೊಂಡು ಎರಡು ಪ್ಲೇಟು ಹೇಳಿದರಂತೆ. ಅಪ್ಪಯ್ಯ ಸಿಟ್ಟಾದಂತೆ ನಟಿಸಿದರು. ಆ ಕಥೆಯನ್ನು ಮುಂದೆ ವರ್ಷಗಟ್ಟಲೆ ಹೇಳಿದವರೂ ಅವರೇ.

ಪ್ರತಿ ಸೋಮವಾರ ಅತ್ತೆ ನಮ್ಮನ್ನು ಒಂದೊಂದು ಜಾಗ ಮುಂದಕ್ಕೆ ಸರಿಸುತ್ತಿದ್ದಳು. ಒಬ್ಬರೇ ಯಾವಾಗಲೂ ಒಳ್ಳೆಯ ಜಾಗದಲ್ಲಿ ಕೂರಬಾರದು ಎಂಬುದಷ್ಟೇ ಅವಳ ನ್ಯಾಯ. ಬಾಲ್ಕನಿಯಿಂದ ದೂರದ ಬಲತುದಿಯಿಂದ ಹೊರಟ ನಾನು ಆರನೆಯ ವಾರ ಬಾಲ್ಕನಿಯ ಪಕ್ಕದ ಎಡತುದಿಗೆ ಬಂದೆ. ಆ ವಾರ ನನಗೇನಾಯಿತೋ ನನಗೇ ತಿಳಿಯಲಿಲ್ಲ. ಅತ್ತೆ ಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ನನ್ನ ಬಾಯಿಂದ ಹಾರುತ್ತಿತ್ತು. ಭಟ್ಟರ ಮನೆಯ ದೊಡ್ಡ ಹುಡುಗ, “ಇವಳು ಪುಸ್ತಕ ನೋಡ್ಕೊಂಡು ಬಂದಿದಾಳೆ” ಎಂದು ದೂರಿದ. ಮುಂದಿನ ಸೋಮವಾರ ಸುತ್ತು ತಿರುಗಿ ನಾನು ಮತ್ತೆ ಬಲತುದಿಗೆ ಹೋದೆ, ಮತ್ತೆ ಮೂಕಿಯಾದೆ. ಮುಖ ಕಾಣುವವರಾಗಿದ್ದರೆ ನನ್ನ ಪೆಚ್ಚು ಮುಖ ನೋಡಿ, ಪಾಪ, ದಡ್ಡಿ ಎಂದುಕೊಳ್ಳುತ್ತಿದ್ದರು. ಅತ್ತೆಗೆ ಕಾಣುತ್ತಿದ್ದದ್ದು ದನಿ ಮಾತ್ರ. ಒಂದು ದನಿ ಒಂದು ಜಾಗದಿಂದ ಬರುತ್ತದೆ, ಇನ್ನೊಂದರಿಂದ ಬರುವುದಿಲ್ಲ.

ಆವತ್ತು ಮಕ್ಕಳು ಹೋದ ಮೇಲೆ ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದಳು. ಅಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಅತ್ತೆ ನನ್ನ ಬಲಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ತಿರುಗಿ ನೋಡಿದರೆ ಅಮ್ಮನ ಕೈಯಿಂದ ಮೊರ ಜಾರಿ, ಅಕ್ಕಿ ನೆಲದ ತುಂಬಾ ಚೆಲ್ಲಿತ್ತು.

“ಎಷ್ಟು ಸಲ ಕರೆದೆ ನಾನು?” ಅತ್ತೆ ಬಲಕಿವಿಯಿಂದ ಕೈ ತೆಗೆದು ಕೇಳಿದಳು.

“ಕರೀಲೇ ಇಲ್ವಲ್ಲ.”

“ಐದು ಸಲ ಕರೆದೆ ಮಗಾ.”

ಮೂರು ವರ್ಷದವಳಿದ್ದಾಗ ನನ್ನ ಎಡಕಿವಿ ಚಳಿಗಾಲ ಪೂರ್ತಿ ಸೋರಿತ್ತಂತೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು, ನಿಂತ ಮೇಲೆ ವಾಸಿಯಾಯಿತೆಂದು ಎಲ್ಲರೂ ಮರೆತಿದ್ದರು. ನನಗೋ, ಒಂದೇ ಕಡೆಯಿಂದ ಕೇಳಿಸುವುದೇ ಎಲ್ಲರ ಪಾಡು ಎಂದು ನಂಬಿಕೆ. ಇನ್ನೊಂದು ಕಿವಿ ಚೆಂದಕ್ಕೆ, ಓಲೆ ಹಾಕಲು. ಅಮ್ಮ ನನ್ನನ್ನು ತಬ್ಬಿಕೊಂಡು, “ನಾನು ಎಷ್ಟು ಬೈದೆ, ಎಷ್ಟು ಬೈದೆ” ಎಂದು ಅತ್ತಳು. ಅತ್ತೆಯ ಕಣ್ಣಿನ ಡಾಕ್ಟರು ಇದ್ದ ಆಸ್ಪತ್ರೆಗೇ ಮರುದಿನ ಕರೆದುಕೊಂಡು ಹೋದರು. ಎಡಕಿವಿಯ ತಮಟೆ ಹೋಗಿದೆ, ಬಲದ್ದು ಚೆನ್ನಾಗಿದೆ ಎಂದರು ಕಿವಿಯ ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂರುವ ಮೊದಲು ಅಪ್ಪಯ್ಯ ನನ್ನನ್ನು ತಮ್ಮ ಎಡಗಡೆಗೆ ಸರಿಸಿ, ನನ್ನ ಬಲಕಿವಿ ತಮ್ಮ ಕಡೆ ಬರುವಂತೆ ಕೂರಿಸಿಕೊಂಡರು. ಅಷ್ಟು ಸಾಕಾಗಿತ್ತು ನನಗೆ.

ಶಾಲೆಗೆ ಅತ್ತೆಯೇ ಬಂದಳು. ನನ್ನ ಹೆಗಲು ಹಿಡಿದು ಗಲ್ಲಿ ದಾಟಿ, ಸೈಕಲ್ ರಿಕ್ಷಾಗಳ ನಡುವೆ ತೂರಿ ಬಂದಳು. ನಮ್ಮ ಕ್ಲಾಸಿನಲ್ಲಿ ಡೆಸ್ಕು ಬೆಂಚುಗಳಿರಲಿಲ್ಲ; ಸೆಣಬಿನ ಉದ್ದನೆಯ ಪಟ್ಟಿಗಳನ್ನು ಹಾಸಿ ಸಾಲಾಗಿ ಕೂರುವುದು, ನಲವತ್ತು ಹುಡುಗಿಯರು. ಎತ್ತರದವರು ಹಿಂದೆ. ಎರಡನೆಯ ವರ್ಷ ಅಲ್ಲೇ ಇದ್ದ ನಾನು ಎಲ್ಲರಿಗಿಂತ ಎತ್ತರ. ಕೊನೆಯ ಸಾಲು, ಬಲತುದಿ, ಕಿಟಕಿಯ ಪಕ್ಕ. ಕಿಟಕಿಯಾಚೆ ತಗಡಿನ ಟ್ರಂಕು ಮಾಡುವವರ ಅಂಗಡಿಗಳು. ಅವರ ಸುತ್ತಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನನ್ನ ಒಳ್ಳೆಯ ಕಿವಿಗೇ ಬಡಿಯುತ್ತಿತ್ತು. ಅತ್ತೆಗೆ ಹಿಂದಿ ಬಾರದು, ಬೆಹೆನ್‌ಜಿಗೆ ಕನ್ನಡ ಬಾರದು. ನನ್ನ ಮೇಲಿನ ದೂರನ್ನು ನಾನೇ ಅನುವಾದಿಸಬೇಕಾಗಿ ಬಂತು.

“ಅದೇ, ಸುಮನ್ ಸುನ್‌ತೀ ಹೀ ನಹೀಂ,” ಎಂದರು ಬೆಹೆನ್‌ಜಿ.

“ಅವರು ಹೇಳೋದು ಸರಿ ಅಂತ ಹೇಳು,” ಎಂದಳು ಅತ್ತೆ. “ಎರಡು ವರ್ಷದಿಂದ ನಿಜವನ್ನೇ ಹೇಳ್ತಿದ್ದಾರೆ. ಎಡಗಡೆ ಕೇಳೋದೇ ಇಲ್ಲ.”

ಹೇಳಿದೆ. ಬೆಹೆನ್‌ಜಿಯ ಕೈಯಲ್ಲಿದ್ದ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ಆದರೆ ಅವರೂ ಸುಲಭಕ್ಕೆ ಬಾಗುವವರಲ್ಲ. ಎತ್ತರದ ಹುಡುಗಿಯನ್ನು ಮುಂದೆ ಕೂರಿಸಿದರೆ ಹಿಂದಿನವರಿಗೆ ಕಾಣುವುದು ಹೇಗೆ, ಇವಳಿಗೊಂದು ಜಾಗ ಬದಲಿಸಿದರೆ ನಾಳೆ ನಲವತ್ತು ತಾಯಂದಿರು ಬರುತ್ತಾರೆ ಎಂದರು. ಅತ್ತೆ ವಾದಿಸಲಿಲ್ಲ.

“ಒಂದೇ ಒಂದು ಉಪಕಾರ. ಇವಳ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ನೋಡ್ತಾರಾ ಅಂತ ಕೇಳು. ಎಡಕಿವಿಗೆ ಕೈ ಒತ್ತಿ ಹಿಡ್ಕೊಂಡು.”

ಇದನ್ನು ಹಿಂದಿಯಲ್ಲಿ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಬೆಹೆನ್‌ಜಿ ನೆಲದ ಮೇಲೆ, ಹುಡುಗಿಯರ ಪಟ್ಟಿಯ ಮೇಲೆ ಕೂರುವುದೆಂದರೇನು! ಅತ್ತೆ ಬೆನ್ನಿಗೆ ಮೆಲ್ಲಗೆ ತಿವಿದಳು. ಹೇಳಿದೆ. ಬೆಹೆನ್‌ಜಿ ಅತ್ತೆಯ ಮಸುಕು ಕಣ್ಣುಗಳನ್ನು ಒಮ್ಮೆ ನೋಡಿದರು. ಆಮೇಲೆ ಸೀರೆಯ ನೆರಿಗೆ ಹಿಡಿದುಕೊಂಡು ಹಿಂದಕ್ಕೆ ನಡೆದು, ನನ್ನ ಜಾಗದಲ್ಲಿ ಕೂತು, ಎಡಕಿವಿ ಮುಚ್ಚಿಕೊಂಡರು. ಅವರ ಮೇಜಿನ ಹತ್ತಿರ ನಿಂತು ನಾನು ಪಾಠ ಓದಿದೆ. ಒಂದು ಪುಟ ಪೂರ್ತಿ ಓದಿದೆ. ಹೊರಗೆ ಟ್ರಂಕಿನವರು ಬಡಿಯುತ್ತಲೇ ಇದ್ದರು. ಬೆಹೆನ್‌ಜಿ ಎದ್ದು ಬಂದಾಗ ಅವರ ಮುಖ ಕೆಂಪಾಗಿತ್ತು.

“ಸುಮನ್, ಯಾವ ಪಾಠ ಓದಿದೆ ನೀನು?” ಎಂದು ಕೇಳಿದರು.

ಮರುದಿನ ಶಾಲೆಗೆ ಹೋದರೆ ಕೋಣೆಯೇ ತಿರುಗಿ ಕೂತಿತ್ತು. ಹಲಗೆಯ ಸ್ಟ್ಯಾಂಡು ಎದುರುಗೋಡೆಗೆ ಬಂದು, ಕಿಟಕಿ ನಮ್ಮೆಲ್ಲರ ಎಡಕ್ಕೆ ಹೋಗಿತ್ತು. ಪಟ್ಟಿಗಳು ನೇರ ಸಾಲು ಬಿಟ್ಟು ಬಾಗಿಕೊಂಡಿದ್ದವು. ಮುಂದಿನ ಸಾಲಿನ ಎಡತುದಿ ನನ್ನದು. ಅಲ್ಲಿ ನನ್ನ ಎತ್ತರ ಯಾರಿಗೂ ಅಡ್ಡವಲ್ಲ. ಸುತ್ತಿಗೆಯ ಸದ್ದೆಲ್ಲ ನನ್ನ ಸತ್ತ ಕಿವಿಗೆ, ಬೆಹೆನ್‌ಜಿಯ ಮಾತೆಲ್ಲ ನನ್ನ ಬದುಕಿದ ಕಿವಿಗೆ. ಬೆಹೆನ್‌ಜಿಯ ದನಿ ಅಷ್ಟು ಇಂಪಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವರು ಪದ್ಯ ಓದುವಾಗ ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದರು. ಆ ಎಳೆತವನ್ನು ಕೇಳಿಸಿಕೊಳ್ಳಲೆಂದೇ ನಾನು ಜ್ವರ ಬಂದರೂ ಶಾಲೆ ತಪ್ಪಿಸಲಿಲ್ಲ.

ವಾರ್ಷಿಕ ಪರೀಕ್ಷೆಯ ಫಲಿತಾಂಶದ ದಿನ ಬೆಹೆನ್‌ಜಿ ಮೇಲಿನಿಂದ ಕೆಳಕ್ಕೆ ಹೆಸರು ಓದಿದರು. ನಾನು ಅಭ್ಯಾಸಬಲದಿಂದ ಕೊನೆಯ ಹೆಸರುಗಳಿಗೆ ಕಾಯುತ್ತಾ ಕೂತಿದ್ದೆ. ನಾಲ್ಕನೆಯದಾಗಿ ನನ್ನ ಹೆಸರು ಬಂದಾಗ ಪಕ್ಕದವಳು ಜಿಗುಟಬೇಕಾಯಿತು. ಮನೆಯವರೆಗೆ ಓಡಿದೆ. ಹೋಟೆಲಿನಲ್ಲಿ ಊಟದ ಗದ್ದಲ. ಅಪ್ಪಯ್ಯ ಕಾಗದ ನೋಡಿದರು, ಮತ್ತೆ ನೋಡಿದರು, ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಹತ್ತಿ ನಿಂತು ತಮ್ಮ ಮುರುಕು ಹಿಂದಿಯಲ್ಲಿ ಕೂಗಿದರು:

“ಆಜ್ ಸಬ್ ಕೋ ಕೇಸರಿಬಾತ್! ಮೇರಾ ಬೇಟಿ ಪಾಸ್!”

ಎಲ್ಲರಿಗೂ ಕೇಸರಿಬಾತ್ ಎಂದದ್ದಕ್ಕೋ, ಮಗಳು ಪಾಸ್ ಎಂದದ್ದಕ್ಕೋ, ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮೇಲಿನಿಂದ ಇಳಿದು ಬಂದ ಅಮ್ಮ ಎಲ್ಲರೆದುರಿಗೇ ಅಪ್ಪಯ್ಯನನ್ನು ಕೇಳಿದಳು: “ಊರಿಗೆ ಕಾಗದ ಬರೀತೀರೋ, ನಾನೇ ಬರೀಲೋ?” ಅಪ್ಪಯ್ಯ ಬರೆದರು. ಅಮ್ಮ ಓದಿ ನೋಡಿದ ಮೇಲೆಯೇ ಅದು ಅಂಚೆಗೆ ಹೋಯಿತು. ಅತ್ತೆಗೆ ಎರಡೂ ಕಣ್ಣಿನ ಆಪರೇಷನ್ ಬೇಸಗೆಯಲ್ಲಿ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಊರಿಗೆ ಹೊರಡುವ ಮುಂಚೆ ಅವಳಿಗೆ ಇನ್ನೊಂದು ಕೆಲಸ ಕಾದಿತ್ತು.

ಶಾಲೆ ಮತ್ತೆ ತೆರೆದ ವಾರ ದೊಡ್ಡ ಬೆಹೆನ್‌ಜಿಯಿಂದ, ಎಂದರೆ ಹೆಡ್‌ಮಿಸ್ಟ್ರೆಸ್ಸಿನಿಂದ, ಹೇಳಿಕೆ ಬಂತು. ಕಮಲಾ ಬೆಹೆನ್‌ಜಿಯ ಕ್ಲಾಸಿನಲ್ಲಿ ಆ ವರ್ಷ ಫೇಲಾದವರು ಎಂದಿಗಿಂತ ಕಡಿಮೆಯಂತೆ. ಕೋಣೆ ಹೊಂದಿಸುವುದನ್ನು ಮದ್ರಾಸಿ ಬುವಾ, ಎಂದರೆ ನಮ್ಮ ಅತ್ತೆ, ಎಲ್ಲ ಟೀಚರುಗಳಿಗೂ ತೋರಿಸಿಕೊಡಬೇಕಂತೆ. ನಾವು ಯಾವ ದಿಕ್ಕಿನಿಂದಲೂ ಮದ್ರಾಸಿಗಳಲ್ಲವೆಂದು ವಿವರಿಸುವ ಆಸೆಯನ್ನು ಅಪ್ಪಯ್ಯ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಮಕ್ಕಳೆಲ್ಲ ಹೋದ ಮೇಲೆ, ಹನ್ನೊಂದು ಮಂದಿ ಬೆಹೆನ್‌ಜಿಗಳು ನಮ್ಮ ಪಟ್ಟಿಗಳ ಮೇಲೆ ಕೂತರು. ಹಲಗೆಯ ಪಕ್ಕದಲ್ಲಿ ಅತ್ತೆ, ಅವಳ ಎಡಗಡೆ ದುಭಾಷಿಯಾಗಿ ನಾನು. ಅತ್ತೆ ಒಂದು ವಾಕ್ಯ ಹೇಳುವಳು, ನಾನು ಹಿಂದಿಯಲ್ಲಿ ಹೇಳುವೆ. ಬೆಳಕು ಎಡದಿಂದ. ಹಲಗೆ ಓರೆಯಾಗಿ. ವಾರಕ್ಕೊಮ್ಮೆ ಜಾಗ ಬದಲು. ಹತ್ತು ವಾಕ್ಯವಾಗುವಷ್ಟರಲ್ಲಿ ಅತ್ತೆ ಮುಗಿಸುವ ಮೊದಲೇ ನಾನು ಹಿಂದಿ ಶುರುಮಾಡುತ್ತಿದ್ದೆ. ಆಗ ಹಿಂದಿನಿಂದ ವಯಸ್ಸಾದ ಒಬ್ಬರು ಬೆಹೆನ್‌ಜಿ ಕೇಳಿದರು:

“ನಲವತ್ತು ಮಕ್ಕಳಲ್ಲಿ ಯಾರಿಗೆ ಕೇಳಿಸೋದಿಲ್ಲ, ಯಾರಿಗೆ ಕಾಣಿಸೋದಿಲ್ಲ ಅಂತ ನಮಗೆ ಗೊತ್ತಾಗೋದು ಹೇಗೆ? ಮಕ್ಕಳೇ ಬಂದು ಹೇಳಬಾರದಾ?”

ನಾನು ಅತ್ತೆಯ ಕಡೆ ತಿರುಗಲು ಮರೆತೆ.

“ಹೇಳೋಕೆ ಆಗೋದಿಲ್ಲ, ಬೆಹೆನ್‌ಜಿ,” ಎಂದೆ. “ಜಾಗ ಬದಲಿಸೋ ತನಕ ಆ ಹುಡುಗಿಗೇ ಗೊತ್ತಿರೋದಿಲ್ಲ. ತಾನು ದಡ್ಡಿ ಅಂದ್ಕೊಂಡಿರ್ತಾಳೆ.”

ಕಮಲಾ ಬೆಹೆನ್‌ಜಿ ತಲೆ ತಗ್ಗಿಸಿ, ಆಮೇಲೆ ಎತ್ತಿ, ನನ್ನನ್ನೇ ನೋಡಿದರು. ಅತ್ತೆ ನನ್ನ ಬಲಕಿವಿಯ ಹತ್ತಿರ ಬಾಗಿದಳು.

“ಏನಂತೆ ಅವರದ್ದು?”

“ಒಂದು ಪ್ರಶ್ನೆ ಕೇಳಿದ್ರು, ಅತ್ತೆ. ನಾನೇ ಉತ್ತರ ಹೇಳಿಬಿಟ್ಟೆ.”

“ಸರಿಯಾಗಿ ಹೇಳಿದ್ಯಾ?”

“ಹೇಳಿದೆ.”

ಅತ್ತೆ ಕೈಯಲ್ಲಿದ್ದ ಸೀಮೆಸುಣ್ಣವನ್ನು ನನ್ನ ಕೈಗಿಟ್ಟಳು. ಮಂಡಿಗೆ ಕೈಕೊಟ್ಟು, ನಿಧಾನವಾಗಿ ಹೋಗಿ, ಬೆಹೆನ್‌ಜಿಗಳ ನಡುವೆ ಜಾಗ ಮಾಡಿಕೊಂಡು ಪಟ್ಟಿಯ ಮೇಲೆ ಕೂತಳು.

“ಹಾಗಾದ್ರೆ ಉಳಿದದ್ದನ್ನೂ ನೀನೇ ಹೇಳು,” ಎಂದಳು.

ಹೇಳಿದೆ.